ಚಳಿದೇಶದಲ್ಲಿ ಮನೆತೋಟ

ನಮ್ಮ ಶಾಲೆಯಲ್ಲಿ ಓದಿ ಹೊರಟ ಸಹೋದರಿಯರಲ್ಲಿ ಅನೇಕರು ಈಗ ಸಮುದ್ರದಾಚೆಯ ಶೀತದೇಶಗಳಲ್ಲಿ ಸಂಸಾರ ಹೂಡಿಕೊಂಡಿರುತ್ತಾರೆ. ಇನ್ನು ಕೆಲವರ ಹೆಣ್ಣುಮಕ್ಕಳು ವಿದ್ಯಾಭ್ಯಾಸಕ್ಕಾಗಿಯೂ ಉದ್ಯೋಗಕ್ಕಾಗಿಯೂ ಅಲ್ಲಿಗೆ ಹೋಗಿರುತ್ತಾರೆ. ಅವರಲ್ಲೊಬ್ಬಳಾದ ನಾನು ಕೆನಡಾ ದೇಶದ ರಾಜಧಾನಿಯಾದ ಒಟ್ಟಾವ ಪಟ್ಟಣದಲ್ಲಿ ಹನ್ನೆರಡು ಚಳಿಗಾಲಗಳನ್ನು ಕಳೆದವಳು. ಶಾಲೆಯ ಹಿತ್ತಲಲ್ಲಿ ನಮ್ಮ ತರಗತಿಗೆಂದು ಕೊಟ್ಟಿದ್ದ ಒಂದು ಮಡಿಯಲ್ಲಿ ಬೆಂಡೆ, ಹರಿವೆಗಳನ್ನು ಬೆಳೆಸಿ ಕಲಿತ ವಿದ್ಯೆಯನ್ನೇ ನೆಚ್ಚಿಕೊಂಡು ಅಲ್ಲಿಯ ಮಣ್ಣಿಗೆ ಕೈಯಿಟ್ಟಾಗ ನಾನು ಸೋತೆನು. ಸೋತ ಮೇಲೆ ಕಲಿತೆನು. ಆ ಕಲಿಕೆಯು ಬೇರೆಯವರಿಗೂ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತೇನೆ.

ನಾನು ಹೋದ ಮೊದಲನೆಯ ಬೇಸಿಗೆಯಲ್ಲಿ ನಮ್ಮ ಕಡೆಯ ವೃದ್ಧ ಮಾತೆಯೊಬ್ಬರು ತಾವು ಬೀಜದಿಂದ ಎಬ್ಬಿಸಿದ ಕರಿಬೇವಿನ ಸಸಿಯೊಂದನ್ನು ಚಟ್ಟಿಯ ಸಹಿತ ನನ್ನ ಕೈಗಿತ್ತರು. ಅವರು ಆ ವರ್ಷವೇ ಊರಿಗೆ ಮರಳುವವರಿದ್ದರು. "ಇದನ್ನು ಉಳಿಸಿಕೊಳ್ಳಮ್ಮಾ, ಒಗ್ಗರಣೆಗೆ ಎರಡೆಲೆ ಕೀಳುವಾಗ ನನ್ನ ನೆನಪಾಗಲಿ" ಎಂದರು. ಚಳಿ ಹತ್ತಿದೊಡನೆ ನಾನು ಅದನ್ನು ಮನೆಯೊಳಕ್ಕೆ ತಂದೆನು. ನವೆಂಬರ್ ತಿಂಗಳಲ್ಲಿ ಎಲೆಗಳು ಹಳದಿಯಾಗಿ ಉದುರತೊಡಗಿದವು. ಎಲೆ ಬಾಡಿದರೆ ನೀರು, ಗಿಡ ಸೊರಗಿದರೆ ಗೊಬ್ಬರ, ಇಷ್ಟೇ ನಾನು ಬಲ್ಲ ವೈದ್ಯ. ದಿನದಿನವೂ ನೀರೆರೆದೆನು, ಗೊಬ್ಬರ ಹಾಕಿದೆನು, ಚಳಿಯಾಗದಿರಲೆಂದು ಮನೆ ಕಾಯಿಸುವ ಬಿಸಿಗಾಳಿಯ ಕಂಡಿಯ ಪಕ್ಕದಲ್ಲಿಯೇ ಇಟ್ಟೆನು. ಜನವರಿಯಲ್ಲಿ ಕಾಂಡವು ಬುಡದಿಂದ ಕಪ್ಪಾಯಿತು. ತೋಟದ ಕೆಲಸದಲ್ಲಿ ನುರಿತ ನೆರೆಮನೆಯ ಮುದುಕಿಯೊಬ್ಬರು ಬಂದು ಚಟ್ಟಿಯನ್ನು ಮಗುಚಿದರು. ಬೇರೆಲ್ಲ ಕೊಳೆತು ನಾರುತ್ತಿತ್ತು. ಚಳಿಯು ಈ ಗಿಡವನ್ನು ಮುಟ್ಟಲೇ ಇಲ್ಲವೆಂದೂ, ಅದು ಮಲಗಬೇಕೆಂದಿರುವಾಗ ನಾನು ಅಲುಗಾಡಿಸಿ ಎಬ್ಬಿಸಿ ಉಣ್ಣಿಸುತ್ತ ಬಂದೆನೆಂದೂ ಅವರು ಹೇಳಿದರು. ಊರಿನಲ್ಲಿದ್ದ ಆ ತಾಯಿಗೆ ಈ ಸುದ್ದಿಯನ್ನು ಬರೆಯುವುದಕ್ಕೆ ನನಗೆ ಮೂರು ತಿಂಗಳು ಧೈರ್ಯ ಬರಲಿಲ್ಲ.

ಚಳಿದೇಶದ ತೋಟಗಾರಿಕೆಯ ಮುಖ್ಯ ಪಾಠವು ಆ ಮುದುಕಿಯ ಮಾತಿನಲ್ಲಿಯೇ ಅಡಗಿದೆ. ಗಿಡವನ್ನು ಬೆಚ್ಚಗಿಡುವುದು ಅಲ್ಲಿಯ ತೋಟಗಾರ್ತಿಯ ಮುಖ್ಯ ಕೆಲಸವಲ್ಲ. ಗಿಡವು ಸಕಾಲದಲ್ಲಿ ನಿದ್ದೆಹೋಗುವಂತೆಯೂ, ನಡುವೆ ಎಚ್ಚರಗೊಳ್ಳದಂತೆಯೂ, ಸಕಾಲದಲ್ಲಿಯೇ ಏಳುವಂತೆಯೂ ನೋಡಿಕೊಳ್ಳುವುದೇ ಅವಳ ಕೆಲಸವಾಗಿದೆ. ಮುಂದೆ ಹೇಳುವುದೆಲ್ಲ ಇದರ ವಿವರವೇ.

೧. ಚಳಿಯು ಗಿಡವನ್ನು ಕೊಲ್ಲುವ ಬಗೆ

ಒಟ್ಟಾವ ಪಟ್ಟಣವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೪೫ನೆಯ ಅಕ್ಷಾಂಶದಲ್ಲಿದೆ. ಜೂನ್ ತಿಂಗಳಲ್ಲಿ ಅಲ್ಲಿಯ ಹಗಲು ಹದಿನೈದೂವರೆ ಗಂಟೆಗಳಿಗೂ ಹೆಚ್ಚಾಗಿರುವುದು. ಡಿಸೆಂಬರಿನಲ್ಲಿ ಒಂಬತ್ತು ಗಂಟೆಗಳಿಗಿಂತ ಕಡಿಮೆಯಾಗುವುದು. ನಮ್ಮ ಕರಾವಳಿಯಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರವು ಸುಮಾರು ಒಂದೂವರೆ ಗಂಟೆ ಮಾತ್ರ. ಜನವರಿಯ ಕೆಲವು ರಾತ್ರಿಗಳಲ್ಲಿ ಅಲ್ಲಿಯ ಶಾಖವು ಸೆಲ್ಸಿಯಸ್ ಮಾಪಕದ ಸೊನ್ನೆಗಿಂತ ೨೫ ಅಥವಾ ೩೦ ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಇಂಥ ಚಳಿಯಲ್ಲಿ ಸೇಬಿನ ಮರವು ಬಯಲಿನಲ್ಲಿ ನಿಂತು ಬದುಕುವುದು ಹೇಗೆಂದು ಕೇಳಬಹುದು.

ಗಿಡದ ಮೈಯೆಲ್ಲ ಕಣ್ಣಿಗೆ ಕಾಣದ ಸಣ್ಣ ಜೀವಕೋಶಗಳಿಂದಾಗಿದೆ. ಪ್ರತಿಯೊಂದು ಕೋಶದಲ್ಲಿಯೂ ನೀರಿರುವುದು. ಆ ನೀರು ಕೋಶದೊಳಗೇ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ಕೋಶವನ್ನು ಹರಿದುಹಾಕುವುವು, ಗಿಡವು ಸಾಯುವುದು. ಆದರೆ ಶೀತದೇಶದ ಮರಗಳಿಗೆ ಇದಕ್ಕೆ ಉಪಾಯ ತಿಳಿದಿದೆ. ಹಗಲು ಕುಗ್ಗುತ್ತ ಬರುವುದನ್ನು ಅವು ಆಗಸ್ಟ್ ತಿಂಗಳಲ್ಲಿಯೇ ಅರಿತು ಬೆಳವಣಿಗೆಯನ್ನು ನಿಲ್ಲಿಸುವುವು. ಬಳಿಕ ರಾತ್ರಿಯ ತಂಪು ತಗಲಿದಾಗ ಕೋಶಗಳಲ್ಲಿ ಸಕ್ಕರೆಯ ಅಂಶವು ಹೆಚ್ಚುವುದು. ಶೀತವು ಬಲಿತಾಗ ಕೋಶದೊಳಗಿನ ನೀರು ಹೊರಕ್ಕೆ ಬಂದು ಕೋಶಗಳ ನಡುವಿನ ಎಡೆಗಳಲ್ಲಿ ಹೆಪ್ಪುಗಟ್ಟುವುದು. ಒಳಗೆ ಉಳಿದ ರಸವು ಪಾಕದಂತೆ ಮಂದವಾಗಿರುವುದರಿಂದ ಸುಲಭವಾಗಿ ಹೆಪ್ಪುಗಟ್ಟದು. ಜುಲೈಯಲ್ಲಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿನ ಚಳಿಗೆ ಸಾಯತಕ್ಕ ಸೇಬಿನ ರೆಂಬೆಯು ಜನವರಿಯಲ್ಲಿ ೩೦ ಡಿಗ್ರಿ ಕೆಳಗಿನ ಚಳಿಯನ್ನೂ ತಾಳುವುದು ಇದೇ ಕಾರಣದಿಂದ.

ಈ ನಿದ್ದೆಯು ಅವುಗಳಿಗೆ ಬರೇ ರಕ್ಷಣೆಯಲ್ಲ, ಅವಶ್ಯಕತೆಯೂ ಹೌದು. ಸಾಮಾನ್ಯವಾದ ಸೇಬಿನ ಜಾತಿಗಳಿಗೆ ಸೊನ್ನೆಯಿಂದ ೭ ಡಿಗ್ರಿಯವರೆಗಿನ ತಂಪು ಸುಮಾರು ೧,೦೦೦ ಗಂಟೆಗಳ ಕಾಲ ದೊರೆಯದಿದ್ದರೆ ವಸಂತವು ಬಂದರೂ ಮೊಗ್ಗು ಸರಿಯಾಗಿ ಬಿರಿಯದು.

ಹೀಗಿರುವಲ್ಲಿ ಚಳಿಗಾಲದಲ್ಲಿ ಗಿಡಗಳು ಸಾಯುವುದು ಮುಖ್ಯವಾಗಿ ಮೂರು ವಿಧವಾಗಿ. ಮೊದಲನೆಯದು, ನಿದ್ದೆಹೋಗುವ ಮೊದಲೇ ಶೀತವು ಬಂದೆರಗುವುದು. ಎರಡನೆಯದು, ಬಾಯಾರಿಕೆ. ನೆಲವು ಕಲ್ಲಿನಂತೆ ಗಟ್ಟಿಯಾದಾಗ ಬೇರಿಗೆ ನೀರು ದೊರೆಯದು. ಎಲೆಯುದುರಿಸದ ಮರಗಳಿಂದ ಮಾತ್ರ ಬಿಸಿಲೂ ಗಾಳಿಯೂ ನೀರನ್ನು ಹೀರುತ್ತಲೇ ಇರುವುವು. ಆದಕಾರಣ ಅವು ಹಿಮದ ನಡುವೆ ನಿಂತಿದ್ದೂ ಒಣಗಿ ಕಂದುವುವು. ಮೂರನೆಯದು, ಅಕಾಲದ ಎಚ್ಚರ. ನಡುಚಳಿಗಾಲದಲ್ಲಿ ಒಂದು ವಾರ ಬೆಚ್ಚಗಾಗಿ ನೆಲ ಕರಗಿ, ಪುನಃ ಹೆಪ್ಪುಗಟ್ಟಿದಾಗ ಮಣ್ಣು ಉಬ್ಬಿ ಬೇರುಗಳನ್ನು ಮೇಲಕ್ಕೆತ್ತಿ ಬಿಸಾಡುವುದು. ಒಂದೇ ಸಮನಾದ ಕಠಿಣ ಚಳಿಗಿಂತ ಈ ಏರಿಳಿತವೇ ಹೆಚ್ಚು ಅಪಾಯಕರವಾದುದು.

೨. ಗಿಡಗಳನ್ನು ಆರಿಸುವ ವಿಷಯ

ನಮ್ಮ ಊರಿನಲ್ಲಿ ಅಕ್ಕಪಕ್ಕದವರ ಬೇಲಿಯಿಂದ ಒಂದು ಕಡ್ಡಿ ಮುರಿದು ನೆಟ್ಟರೂ ಚಿಗುರುವುದುಂಟು. ಚಳಿದೇಶದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯು ಈ ಗಿಡವು ಎಷ್ಟು ಚಳಿಯನ್ನು ತಾಳಬಲ್ಲುದು ಎಂಬುದೇ. ಇದಕ್ಕಾಗಿ ದೇಶವನ್ನು ವಲಯಗಳಾಗಿ ವಿಂಗಡಿಸಿದ ನಕ್ಷೆಗಳುಂಟು. ಅಮೇರಿಕದ ಕೃಷಿ ಇಲಾಖೆಯವರ ನಕ್ಷೆಯು ೧೯೬೦ರಲ್ಲಿ ಪ್ರಕಟವಾಯಿತು. ಕೆನಡಾದವರು ೧೯೬೭ರಲ್ಲಿ ತಮ್ಮದನ್ನು ಮಾಡುವಾಗ ಅತ್ಯಂತ ಚಳಿಯ ಪ್ರಮಾಣವನ್ನಲ್ಲದೆ ಚಳಿಬೀಳದ ದಿನಗಳ ಸಂಖ್ಯೆ, ಮಳೆ, ಹಿಮದ ಆಳ, ಗಾಳಿ ಇವುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ವಲಯದ ಸಂಖ್ಯೆಯು ಚಿಕ್ಕದಾದಷ್ಟೂ ಚಳಿಯು ಹೆಚ್ಚೆಂದು ತಿಳಿಯತಕ್ಕದ್ದು. ಒಟ್ಟಾವ ಪಟ್ಟಣವು ಐದನೆಯ ವಲಯಕ್ಕೆ ಸೇರಿದೆ. ಅಲ್ಲಿ ಏಳನೆಯ ವಲಯದ ಗುರುತು ಹೊತ್ತ ಗುಲಾಬಿಯನ್ನು ಎಷ್ಟು ಪ್ರೀತಿಯಿಂದ ನೆಟ್ಟರೂ ಅದು ಮರುವರ್ಷ ಮುಖ ತೋರಿಸುವುದು ಸಂಶಯವೇ.

ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ತಿಳಿಯಬೇಕಾದ ಒಂದು ಹೆಸರುಂಟು. ಇಸಾಬೆಲ್ಲಾ ಪ್ರೆಸ್ಟನ್ ಎಂಬವರು ೧೮೮೧ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ೧೯೧೨ರಲ್ಲಿ ಕೆನಡಾಕ್ಕೆ ಬಂದರು. ೧೮೮೬ರಲ್ಲಿ ಸ್ಥಾಪಿತವಾದ ಒಟ್ಟಾವದ ಕೇಂದ್ರ ಪ್ರಯೋಗ ಕ್ಷೇತ್ರವನ್ನು ೧೯೨೦ರಲ್ಲಿ ಸೇರಿ, ೧೯೪೬ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿ ಹೂಗಿಡಗಳ ಸಂಕರ ಕಾರ್ಯದಲ್ಲಿ ತೊಡಗಿದ್ದರು. ಹೆಂಗಸರು ಈ ವಿದ್ಯೆಗೆ ಕೈಹಾಕುವುದೇ ಅಪರೂಪವಾಗಿದ್ದ ಕಾಲವದು. ಅವರು ನೈದಿಲೆಯಂಥ ಲಿಲ್ಲಿ ಹೂಗಳು, ಗುಲಾಬಿ, ಐರಿಸ್, ಕಾಡುಸೇಬು ಮೊದಲಾದವುಗಳಲ್ಲಿ ಕಠಿಣವಾದ ಚಳಿಯನ್ನು ತಾಳತಕ್ಕ ಅನೇಕ ತಳಿಗಳನ್ನು ಉಂಟುಮಾಡಿದರು. ಅವರ ಲೈಲಾಕ್ ಗಿಡಗಳು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಅವುಗಳಲ್ಲಿ ಅನೇಕಕ್ಕೆ ಅವರು ಷೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ಸ್ತ್ರೀಯರ ಹೆಸರುಗಳನ್ನಿಟ್ಟರು. ಸಾಮಾನ್ಯ ಲೈಲಾಕಿಗಿಂತ ಅವು ಸುಮಾರು ಎರಡು ವಾರ ತಡವಾಗಿ ಅರಳುವುದರಿಂದ ವಸಂತದ ಕೊನೆಯ ಚಳಿಯಿಂದ ತಪ್ಪಿಸಿಕೊಳ್ಳುವುವು. ತಡವಾಗಿ ಏಳುವುದೂ ಒಂದು ಜಾಣತನವೆಂದು ಇದರಿಂದ ತೋರುವುದು.

ತರಕಾರಿಗಳಲ್ಲಾದರೋ ಬೇಗನೆ ಕೆಲಸ ಮುಗಿಸತಕ್ಕ ಜಾತಿಗಳನ್ನು ಆರಿಸಬೇಕು. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಅಲ್ಲಿ ಎಳೆಯ ಗಿಡಗಳಿಗೆ ಬಯಲಿನಲ್ಲಿ ಬದುಕಲು ಅವಕಾಶ. ಕೆನಡಾದ ಹೊಲಗಳಲ್ಲಿ ಪ್ರಸಿದ್ಧವಾದ ಮಾರ್ಕ್ವಿಸ್ ಗೋಧಿಯ ಗುಣವೂ ಇದೇ ಆಗಿತ್ತು. ೧೮೯೨ರಲ್ಲಿ ಮಾಡಿದ ಸಂಕರದಿಂದ ಚಾರ್ಲ್ಸ್ ಸಾಂಡರ್ಸ್ ಎಂಬವರು ಆರಿಸಿ ಬೆಳೆಯಿಸಿದ ಆ ಗೋಧಿಯ ತಾಯಿತಂದೆಗಳಲ್ಲಿ ಒಂದು ಕೆನಡಾದ 'ರೆಡ್ ಫೈಫ್', ಇನ್ನೊಂದು ನಮ್ಮ ಹಿಂದೂಸ್ಥಾನದಿಂದ ಹೋದ 'ಹಾರ್ಡ್ ರೆಡ್ ಕಲ್ಕತ್ತ'. ಬೇಗ ಮಾಗುವ ಗುಣವು ನಮ್ಮ ದೇಶದ ಗೋಧಿಯಿಂದ ಬಂತು. ಅದರಿಂದ ಬೆಳೆಯು ಶರತ್ಕಾಲದ ಚಳಿಗೆ ಸಿಕ್ಕದೆ ಮನೆಸೇರುವಂತಾಯಿತು. ಮನೆತೋಟದವಳೂ ಬೀಜದ ಪೊಟ್ಟಣದ ಮೇಲೆ ಬರೆದಿರುವ ದಿನಗಳ ಸಂಖ್ಯೆಯನ್ನು ನೋಡಿಯೇ ಟೊಮೇಟೊ ಮುಂತಾದವುಗಳನ್ನು ಆರಿಸತಕ್ಕದ್ದು.

೩. ಶರತ್ಕಾಲದಲ್ಲಿ ಮಾಡತಕ್ಕ ಕೆಲಸಗಳು

ಆಗಸ್ಟ್ ತಿಂಗಳ ನಡುವಿನಿಂದ ಮರಗಿಡಗಳಿಗೂ ಗುಲಾಬಿಗೂ ಗೊಬ್ಬರ ಹಾಕುವುದನ್ನು ನಿಲ್ಲಿಸಬೇಕು. ಯಾಕಂದರೆ ಗೊಬ್ಬರ ತಿಂದ ಗಿಡವು ಎಳೆಯ ಕುಡಿಗಳನ್ನು ಬಿಡುವುದು. ಆ ಕುಡಿಗಳು ಬಲಿಯುವ ಮೊದಲೇ ಚಳಿಯು ಅವುಗಳನ್ನು ಸುಡುವುದು. ಇದೇ ಕಾರಣದಿಂದ ಆಗ ಕೊಂಬೆಗಳನ್ನು ಕತ್ತರಿಸಲೂ ಬಾರದು. ಆದರೆ ನೀರನ್ನು ನಿಲ್ಲಿಸತಕ್ಕದ್ದಲ್ಲ. ಶರತ್ಕಾಲವು ಒಣಗಿದ್ದರೆ ನೆಲವು ಹೆಪ್ಪುಗಟ್ಟುವವರೆಗೂ ಎಳೆಯ ಮರಗಳಿಗೆ, ಮುಖ್ಯವಾಗಿ ಎಲೆಯುದುರಿಸದವುಗಳಿಗೆ, ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಹಾಕಬೇಕು. ಗಾಳಿ ಬೀಸುವ ಕಡೆಯಲ್ಲಿ ಗೋಣಿತಟ್ಟಿನ ಮರೆಯನ್ನು ಕಟ್ಟುವುದು ಒಳ್ಳೆಯದು.

ಅಕ್ಟೋಬರ್ ತಿಂಗಳು ಬೆಳ್ಳುಳ್ಳಿಯನ್ನು ನೆಡುವ ಕಾಲ. ದೊಡ್ಡ ಎಸಳುಗಳನ್ನು ಬಿಡಿಸಿ, ಮೊನೆ ಮೇಲಾಗಿ, ತುದಿಯ ಮೇಲೆ ೫ ಸೆಂಟಿಮೀಟರ್ ಮಣ್ಣು ಬರುವಂತೆ, ೧೫ ಸೆಂಟಿಮೀಟರ್ ಅಂತರದಲ್ಲಿ ನೆಡಬೇಕು. ಚಳಿಗಾಲವನ್ನು ನೆಲದಲ್ಲಿ ಕಳೆದ ಮೇಲೆಯೇ ಒಂದು ಎಸಳು ಗೆಡ್ಡೆಯಾಗಿ ಚೆನ್ನಾಗಿ ಒಡೆಯುವುದು. ಜುಲೈಯಲ್ಲಿ ಕೆಳಗಿನ ಎಲೆಗಳು ಹಳದಿಯಾದಾಗ ಕೀಳಬಹುದು. ನಾನು ಮೊದಲ ಬಾರಿಗೆ ಗೆದ್ದ ಬೆಳೆಯು ಇದೇ. ಟ್ಯುಲಿಪ್ ಹೂವಿನ ಗೆಡ್ಡೆಗಳನ್ನೂ ಆಗಲೇ ನೆಡುವರು. ಎರಡನೆಯ ಮಹಾಯುದ್ಧದಲ್ಲಿ ಹಾಲೆಂಡಿನ ರಾಜಕುಮಾರಿ ಜೂಲಿಯಾನಾ ಒಟ್ಟಾವದಲ್ಲಿ ಆಶ್ರಯ ಪಡೆದಿದ್ದರು. ೧೯೪೩ರಲ್ಲಿ ಅವರಿಗೆ ಅಲ್ಲಿಯೇ ಒಬ್ಬ ಮಗಳು ಹುಟ್ಟಿದಳು. ಅದರ ಕೃತಜ್ಞತೆಗಾಗಿ ೧೯೪೫ರಲ್ಲಿ ಹಾಲೆಂಡಿನಿಂದ ೧,೦೦,೦೦೦ ಗೆಡ್ಡೆಗಳು ಆ ಪಟ್ಟಣಕ್ಕೆ ಬಂದವು. ಮೇ ತಿಂಗಳಲ್ಲಿ ಊರೆಲ್ಲ ಟ್ಯುಲಿಪ್ ಅರಳಿ ನಿಂತಿರುವುದನ್ನು ನೋಡುವಾಗ, ಆ ಗೆಡ್ಡೆಗಳಿಗೆ ಮೂರು ತಿಂಗಳಿಗೂ ಹೆಚ್ಚಿನ ತಂಪು ದೊರೆಯದಿದ್ದರೆ ಆ ಹೂವೂ ಇಲ್ಲವೆಂಬುದನ್ನು ನೆನಸಿಕೊಳ್ಳಬೇಕು.

ಇನ್ನು ಹೊದಿಕೆಯ ವಿಷಯ. ತರಗೆಲೆ, ಒಣಹುಲ್ಲುಗಳನ್ನು ಗಿಡದ ಬುಡದಲ್ಲಿ ೧೦ರಿಂದ ೧೫ ಸೆಂಟಿಮೀಟರ್ ದಪ್ಪಕ್ಕೆ ಹರಡುವುದುಂಟು. ಇದು ಗಿಡಕ್ಕೆ ಕಂಬಳಿಯೆಂದು ತಿಳಿದು ನಾನು ಎರಡನೆಯ ವರ್ಷ ಸೆಪ್ಟೆಂಬರಿನಲ್ಲಿಯೇ, ನೆಲವು ಇನ್ನೂ ಬೆಚ್ಚಗಿರುವಾಗ, ಗುಲಾಬಿಗಳ ಬುಡಕ್ಕೆ ಹುಲ್ಲನ್ನು ರಾಶಿಹಾಕಿದೆನು. ಇಲಿಗಳು ಅದರಲ್ಲಿ ಸುಖವಾಗಿ ಮನೆಮಾಡಿ, ಚಳಿಗಾಲವೆಲ್ಲ ತೊಗಟೆಯನ್ನು ಸುತ್ತಲೂ ಕಡಿದು ತಿಂದವು. ಏಪ್ರಿಲಿನಲ್ಲಿ ಐದು ಗಿಡಗಳಲ್ಲಿ ನಾಲ್ಕು ಸತ್ತಿದ್ದವು. ಹೊದಿಕೆಯನ್ನು ಹಾಕಬೇಕಾದುದು ನೆಲವು ಹೆಪ್ಪುಗಟ್ಟಿದ ಮೇಲೆ. ಅದರ ಉದ್ದೇಶವು ನೆಲವನ್ನು ಬೆಚ್ಚಗಿಡುವುದಲ್ಲ, ತಣ್ಣಗಿರುವ ನೆಲವನ್ನು ತಣ್ಣಗೇ ಇರಿಸುವುದು. ಅಂದರೆ ಕರಗುವುದು, ಪುನಃ ಹೆಪ್ಪುಗಟ್ಟುವುದು ಎಂಬ ಏರಿಳಿತವನ್ನು ತಡೆಯುವುದು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಎಡೆಬಿಡಬೇಕು. ಹಣ್ಣಿನ ಎಳೆಯ ಮರಗಳ ಸುತ್ತಲೂ ಸಣ್ಣ ಕಣ್ಣಿನ ತಂತಿಬಲೆಯನ್ನು ಸುತ್ತಿದರೆ ಇಲಿ, ಮೊಲಗಳ ಬಾಧೆ ತಪ್ಪುವುದು.

ಇವೆಲ್ಲಕ್ಕಿಂತಲೂ ಉತ್ತಮವಾದ ಹೊದಿಕೆಯು ಹಿಮವೇ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುವುದರಿಂದ, ಮೇಲೆ ೨೦ ಡಿಗ್ರಿ ಕೆಳಗಿನ ಚಳಿಯಿದ್ದರೂ ಒಂದು ಮೊಳ ಹಿಮದ ಅಡಿಯಲ್ಲಿ ನೆಲವು ಸೊನ್ನೆಯ ಸಮೀಪದಲ್ಲಿಯೇ ಇರುವುದು. ದಾರಿಯ ಹಿಮವನ್ನು ಎತ್ತುವಾಗ ಅದನ್ನು ಹೂಮಡಿಗಳ ಮೇಲೆ ಹಾಕಿದರೆ ಉಪಕಾರವೇ. ಆದರೆ ಬೀದಿಗೆ ಉಪ್ಪು ಚೆಲ್ಲಿದ್ದ ಹಿಮವನ್ನು ಮಾತ್ರ ಹಾಕಬಾರದು.

೪. ಮನೆಯೊಳಗಿನ ಗಿಡಗಳು

ನಮ್ಮ ಕಡೆಯ ಕರಿಬೇವು, ಮಲ್ಲಿಗೆ, ದಾಸವಾಳಗಳಿಗೆ ಹೆಪ್ಪುಗಟ್ಟುವ ಚಳಿಯನ್ನು ತಾಳುವ ಉಪಾಯ ತಿಳಿಯದು. ರಾತ್ರಿಯ ಶಾಖವು ೧೦ ಡಿಗ್ರಿಗೆ ಇಳಿಯುವ ಮೊದಲೇ ಅವುಗಳನ್ನು ಒಳಗೆ ತರಬೇಕು. ತರುವ ಮೊದಲು ಎಲೆಯ ಅಡಿಯನ್ನು ನೋಡಿ, ಹುಳಗಳಿದ್ದರೆ ನೀರಿನಿಂದ ತೊಳೆಯಬೇಕು. ಚಳಿಗಾಲವೆಲ್ಲ ಸೂರ್ಯನು ದಕ್ಷಿಣದಲ್ಲಿ ತಗ್ಗಾಗಿ ಸಂಚರಿಸುವುದರಿಂದ ದಕ್ಷಿಣದ ಕಿಟಕಿಯೇ ಅವುಗಳಿಗೆ ತಕ್ಕ ಸ್ಥಳ.

ಒಳಗೆ ಅವುಗಳಿಗಿರುವ ತೊಂದರೆ ಎರಡು: ಬೆಳಕು ಸಾಲದು, ಕಾಯಿಸಿದ ಮನೆಯ ಗಾಳಿಯು ಬಹಳ ಒಣಗಿರುವುದು. ಬೆಳಕು ಕಡಿಮೆಯಾದಾಗ ಗಿಡವು ಆಹಾರವನ್ನು ತಯಾರಿಸಲಾರದೆ ಬೆಳವಣಿಗೆಯನ್ನು ನಿಲ್ಲಿಸುವುದು. ಕರಿಬೇವು ಎಲೆಗಳನ್ನು ಉದುರಿಸಿ ಬರೇ ಕೋಲಿನಂತೆ ನಿಲ್ಲುವುದೂ ಉಂಟು. ಬೆಳೆಯದ ಗಿಡಕ್ಕೆ ನೀರು ಕೊಂಚವೇ ಸಾಕು, ಗೊಬ್ಬರವು ಬೇಡವೇ ಬೇಡ. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನಲ್ಲಿ ಊರಿ ನೋಡಿ, ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು ಹಾಕಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಬಿಸಿಗಾಳಿಯ ಕಂಡಿಯಿಂದ ದೂರವಿಡಬೇಕು. ಎಲೆಯುದುರಿದ ಗಿಡವನ್ನು ಸತ್ತಿತೆಂದು ಬಿಸಾಡುವ ಮೊದಲು ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿರಿ. ಒಳಗೆ ಹಸುರಿದ್ದರೆ ಅದು ಮಲಗಿದೆ; ಕಾದರೆ ಏಳುವುದು.

೫. ವಸಂತದಲ್ಲಿ ತಾಳ್ಮೆ

ಮಾರ್ಚ್ ತಿಂಗಳಲ್ಲಿ ಬಿಸಿಲು ಕಂಡೊಡನೆ ನಮ್ಮಂಥವರ ಕೈ ಸುಮ್ಮನಿರುವುದಿಲ್ಲ. ಆ ಆತುರವನ್ನು ಕಿಟಕಿಯ ಬಳಿಯ ಬೀಜದ ತಟ್ಟೆಗಳಲ್ಲಿ ತೀರಿಸಿಕೊಳ್ಳಬೇಕು. ಮೆಣಸಿನ ಬೀಜವನ್ನು ಮಾರ್ಚ್ ಮೊದಲಲ್ಲಿಯೂ ಟೊಮೇಟೊ ಬೀಜವನ್ನು ಮಾರ್ಚ್ ಕೊನೆಯಲ್ಲಿಯೂ ಒಳಗೆ ಬಿತ್ತಬಹುದು. ನೀರು ಅತಿಯಾದರೆ ಸಸಿಗಳು ಬುಡದಲ್ಲಿ ಕೊಳೆತು ಬೀಳುವುವು. ಆದಕಾರಣ ತಟ್ಟೆಯ ಕೆಳಗಿನಿಂದ ನೀರು ಹೀರುವಂತೆ ಮಾಡುವುದು ಲೇಸು.

ಹೊರಗಿನ ಮಣ್ಣನ್ನು ಒಂದು ಹಿಡಿ ತೆಗೆದು ಅಮುಕಿ ನೋಡಬೇಕು. ಅದು ಉಂಡೆಯಾಗಿ ನಿಂತರೆ ಇನ್ನೂ ಒದ್ದೆಯೆಂದು ತಿಳಿದು ಗುದ್ದಲಿಯನ್ನು ಒಳಗಿಡಬೇಕು. ಮುಟ್ಟಿದೊಡನೆ ಪುಡಿಯಾದರೆ ಅಗೆಯಬಹುದು. ಬಟಾಣಿ, ಪಾಲಕ್ ಸೊಪ್ಪು ಇವುಗಳನ್ನು ಆಗಲೇ ಬಿತ್ತಬಹುದು. ಸ್ವಲ್ಪ ಚಳಿಯು ಅವುಗಳಿಗೆ ಬಾಧಕವಲ್ಲ. ಆದರೆ ಟೊಮೇಟೊ, ಮೆಣಸು, ಹುರುಳಿಕಾಯಿ, ಸೌತೆಗಳಿಗೆ ಅವಸರ ಸಲ್ಲದು. ಮೇ ೨೫ಕ್ಕೆ ಮೊದಲು ಬರುವ ಸೋಮವಾರವು ಅಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನ ರಜಾದಿನ. ಕೋಮಲವಾದ ಸಸಿಗಳನ್ನು ಅದರ ನಂತರವೇ ನೆಡಬೇಕೆಂಬುದು ಅಲ್ಲಿಯ ಹಿರಿಯರ ವಾಡಿಕೆ. ನೆಡುವುದಕ್ಕೆ ಏಳರಿಂದ ಹತ್ತು ದಿನ ಮುಂಚಿತವಾಗಿ ಸಸಿಗಳನ್ನು ಹೊರಗಿನ ಗಾಳಿಗೆ ಒಗ್ಗಿಸಬೇಕು: ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಮರುದಿನ ಎರಡು, ಬಳಿಕ ಎಳೆಬಿಸಿಲು, ಕೊನೆಗೆ ಇಡೀ ರಾತ್ರಿ. ಒಮ್ಮೆಗೇ ಹೊರಗಿಟ್ಟರೆ ಎಲೆಗಳು ಬೆಳ್ಳಗಾಗಿ ಸುಡುವುವು. ನೆಟ್ಟ ಮೇಲೆಯೂ ಆಕಾಶವು ನಿರ್ಮಲವಾಗಿ ಗಾಳಿಯಾಡದಿರುವ ರಾತ್ರಿಯಲ್ಲಿ ಇಬ್ಬನಿಯು ಹೆಪ್ಪುಗಟ್ಟುವ ಸಂಭವವುಂಟು. ಅಂಥ ಸಂಜೆ ಹಳೆಯ ಸೀರೆಯನ್ನಾದರೂ ಮೇಲೆ ಹೊದೆಸಿ ಬೆಳಿಗ್ಗೆ ತೆಗೆಯಬೇಕು.

ಉಪಸಂಹಾರ

ಈ ಪಾಠವನ್ನು ಕೆಲವೇ ಮಾತುಗಳಲ್ಲಿ ಹೇಳುವುದಾದರೆ: ವಲಯವನ್ನು ನೋಡಿ ಗಿಡವನ್ನು ಆರಿಸಿರಿ, ಆಗಸ್ಟಿನಲ್ಲಿ ಗೊಬ್ಬರವನ್ನು ನಿಲ್ಲಿಸಿರಿ, ಹೆಪ್ಪುಗಟ್ಟುವವರೆಗೆ ನೀರು ಕೊಡಿರಿ, ಹೆಪ್ಪುಗಟ್ಟಿದ ಮೇಲೆ ಹೊದೆಸಿರಿ, ಮಲಗಿದ ಗಿಡಕ್ಕೆ ಉಣ್ಣಿಸಬೇಡಿರಿ, ವಸಂತದಲ್ಲಿ ಅವಸರಪಡಬೇಡಿರಿ.

ಕರಿಬೇವು ಸತ್ತ ಸುದ್ದಿಯನ್ನು ಕೊನೆಗೆ ನಾನು ಆ ತಾಯಿಗೆ ಬರೆದೆನು. ಅವರು ಕೋಪಿಸಿಕೊಳ್ಳಲಿಲ್ಲ. ತಮ್ಮ ಮೊದಲನೆಯ ಎರಡು ಗಿಡಗಳೂ ಹೀಗೆಯೇ ಹೋದವೆಂದೂ, ಅದನ್ನು ನನಗೆ ಮೊದಲೇ ಹೇಳದಿದ್ದುದು ತಮ್ಮದೇ ತಪ್ಪೆಂದೂ ಬರೆದರು. ಆ ಮಾತಿನಿಂದಲೇ ಈ ಲೇಖನವನ್ನು ಬರೆಯುವ ಮನಸ್ಸಾಯಿತು. ದೂರದೇಶಕ್ಕೆ ಹೊರಟ ಮಗಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯನ್ನೂ ಉಣ್ಣೆಯ ಬಟ್ಟೆಯನ್ನೂ ಇಡುವ ತಂದೆತಾಯಿಗಳು ಈ ನಾಲ್ಕು ಮಾತುಗಳನ್ನೂ ಜೊತೆಗೆ ಕಳುಹಿಸಲಿ.

ನನ್ನ ಈಗಿನ ಕರಿಬೇವಿಗೆ ಒಂಬತ್ತು ವರ್ಷ. ಪ್ರತಿ ಫೆಬ್ರವರಿಯಲ್ಲಿಯೂ ಅದು ಒಂದೆಲೆಯಿಲ್ಲದೆ ಕಿಟಕಿಯ ಬಳಿ ನಿಲ್ಲುವುದು. ನೋಡಲು ಬಂದವರು ಸತ್ತಿದೆಯೆಂದು ಹೇಳಿ ಹೋಗುವರು. ನಾನು ತೊಗಟೆಯನ್ನು ಕೆರೆದು ನೋಡಿ, ನೀರಿನ ಚೊಂಬನ್ನು ಪಕ್ಕಕ್ಕಿಡುತ್ತೇನೆ.